ಹೇಳಿ ಹೋಗುವ ತೊಲೆ

ನಮ್ಮ ಸಾಹೇಬರ ಕೈಗೆ ಏನು ಕೊಟ್ಟರೂ ಮೊದಲು ಅದನ್ನು ಬಗ್ಗಿಸಿ ನೋಡುತ್ತಿದ್ದರು. ಫೂಟುಪಟ್ಟಿ, ಊದುಬತ್ತಿ, ಕಬ್ಬಿನ ಗಳ, ಛತ್ರಿಯ ಕಡ್ಡಿ, ಒಮ್ಮೆ ನನ್ನ ಹೊಚ್ಚ ಹೊಸ ಸೆಟ್‌ಸ್ಕ್ವೇರು. ಅದು ಟಪ್ಪನೆ ಮುರಿಯಿತು. "ಓಹೋ, ಇದು ಹೀಗೆ ಮುರಿಯುತ್ತಾ" ಎಂದು ಎರಡೂ ತುಂಡುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಖುಷಿಪಟ್ಟರೇ ಹೊರತು ಅದು ಇನ್ನೊಬ್ಬರ ಸಾಮಾನು ಎಂಬುದು ಅವರ ತಲೆಗೆ ಬರಲಿಲ್ಲ. ವಾರದೊಳಗೆ ಬೆಳಗಾವಿಯಿಂದ ಹೊಸದು ತರಿಸಿದರು. ಕೊಡುವ ಮೊದಲು ಅದನ್ನೂ ಒಂಚೂರು ಬಗ್ಗಿಸುವುದಕ್ಕೆ ಹೋದರು. ನಾನು ಕಸಿದುಕೊಂಡೆ.

ಅವರು ತೀರಿಕೊಂಡು ತಿಂಗಳಾಗುತ್ತ ಬಂತು. ಸುದ್ದಿ ಕೇಳಿದಾಗ ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಸತ್ತವರ ಮೇಲೆ ಎಂಥ ಸಿಟ್ಟು ಎಂದು ಮಂದಿ ಕೇಳಬಹುದು. ಕೇಳಲಿ. ನನ್ನ ಸಿಟ್ಟು ನನ್ನದು, ಅದಕ್ಕೊಂದು ಕಾರಣವೂ ಇದೆ. ಆ ಕಾರಣ ಹೇಳಬೇಕಾದರೆ ಎಪ್ಪತ್ತರ ದಶಕದ ಬೈಲಹೊಂಗಲಕ್ಕೆ, ನಮ್ಮ ಹಳೆಯ ಕಚೇರಿಗೆ ಹೋಗಬೇಕು.

ನಾನು ಅಲ್ಲಿ ಟ್ರೇಸರ್. ಎಂಜಿನಿಯರುಗಳು ಪೆನ್ಸಿಲಿನಲ್ಲಿ ಗೀಚಿದ ನಕ್ಷೆಯ ಮೇಲೆ ತೆಳು ಬಟ್ಟೆ ಹಾಸಿ, ಮಸಿಯಲ್ಲಿ ಅಚ್ಚುಕಟ್ಟಾಗಿ ತಿದ್ದುವ ಕೆಲಸ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕೂ ಕಡೆಯ ರಸ್ತೆ, ಮೋರಿ, ಸಣ್ಣಪುಟ್ಟ ಸೇತುವೆಗಳು ನನ್ನ ಕೈಯಡಿ ಹಾದು ಹೋಗುತ್ತಿದ್ದವು. ಕಚೇರಿಯಲ್ಲಿ ನಾನೊಬ್ಬಳೇ ಹೆಂಗಸು. ನನ್ನನ್ನು ಎಲ್ಲಿ ಕೂರಿಸಬೇಕೆಂದು ಗಂಡಸರೆಲ್ಲ ಬಹಳ ಚರ್ಚೆ ಮಾಡಿ, ಕಡೆಗೆ ಸ್ಟೋರಿನ ಪಕ್ಕದ ಕಿಟಕಿಯ ಹತ್ತಿರ ಮೇಜು ಹಾಕಿಕೊಟ್ಟರು. ಆ ಕಿಟಕಿ ಹಿತ್ತಲಿಗೆ ತೆರೆಯುತ್ತಿತ್ತು. ಮುಂದೆ ನಡೆದದ್ದೆಲ್ಲ ಆ ಹಿತ್ತಲಲ್ಲೇ ನಡೆದದ್ದರಿಂದ ಇಡೀ ಕಚೇರಿಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಜಾಗ ನನ್ನದೇ ಆಯಿತು.

ಸಾಹೇಬರು ಮೈಸೂರು ಕಡೆಯವರು. ಬಂದ ಮೊದಲ ದಿನವೇ ಜಗಳ ಆಗುವುದಿತ್ತು. ಹಿತ್ತಲಲ್ಲಿ ನಿಂತಿದ್ದ ಇಮಾಮಸಾಬ ಮೇಸ್ತ್ರಿಯ ಹೆಗಲ ಮೇಲೆ ಕೈಯಿಟ್ಟು, ಬಹಳ ಪ್ರೀತಿಯಿಂದ, "ಏನ್ ಮೇಸ್ತ್ರಿ, ತಿಂಡಿ ಆಯ್ತಾ?" ಎಂದು ಕೇಳಿದರು. ನಮ್ಮ ಕಡೆ ತಿಂಡಿ ಎಂದರೆ ತುರಿಕೆ. ಬೆಳಗಿನ ಹೊತ್ತು ತಿನ್ನುವುದು ನಾಷ್ಟಾ. ಮೇಸ್ತ್ರಿ ತಮ್ಮ ಗಡ್ಡ ನೀವಿಕೊಂಡು ಗಂಭೀರವಾಗಿ ಹೇಳಿದರು, "ನನಗ ಯಾವ ತಿಂಡೀನೂ ಆಗಿಲ್ರಿ. ದಿನಾ ಜಳಕ ಮಾಡತೇನಿ." ಆಮೇಲೆ ನನ್ನ ಕಿಟಕಿಗೆ ಬಂದು, "ಬಾಯಾರ, ಹೊಸಾ ಸಾಹೇಬ್ರು ಹಿಂಗ ಎಲ್ಲಾರ್ನೂ ಕೇಳತಾರೇನು, ನನಗಷ್ಟ ಕೇಳಿದ್ರೇನು?" ಎಂದು ವಿಚಾರಿಸಿದರು. ನಾನು ನಕ್ಕೂ ನಕ್ಕೂ ಮಸಿ ಚೆಲ್ಲಿದೆ.

ಅವರ ಎರಡನೆಯ ಅಭ್ಯಾಸ ಇನ್ನೂ ಕೆಟ್ಟದ್ದು. ಮಾತಾಡುತ್ತ ಮಾತಾಡುತ್ತ ತಲೆಯಲ್ಲಿ ಏನಾದರೂ ಹೊಳೆದರೆ ಎದ್ದು ಹೋಗಿಬಿಡುತ್ತಿದ್ದರು. ನಮ್ಮ ಮನೆ ಅವರ ಬಾಡಿಗೆ ಮನೆಯ ಹಿಂದಿನ ಓಣಿಯಲ್ಲೇ ಇತ್ತು. ಒಂದು ಸಂಜೆ ಹೆಂಡತಿಯನ್ನು ಕರೆದುಕೊಂಡು ಬಂದರು. ಅವ್ವ ಚುರಮುರಿ ಒಗ್ಗರಣೆ ಹಾಕಿ ತರುವಷ್ಟರಲ್ಲಿ ಕುರ್ಚಿ ಖಾಲಿ. ಹೆಂಡತಿ ಪಾಪ ಕೂತಿದ್ದಾರೆ, ಗಂಡ ಇಲ್ಲ. ಹೊರಗೆ ನಿಂತ ಚಕ್ಕಡಿಯ ಮೂಕಿ, ಅಂದರೆ ನೊಗ ಕಟ್ಟುವ ಉದ್ದನೆಯ ಮರ, ನೋಡುವುದಕ್ಕೆ ಹೋಗಿ, ಹಾಗೇ ಆ ಚಕ್ಕಡಿಯ ಹಿಂದೆ ನಡೆದುಬಿಟ್ಟಿದ್ದರಂತೆ.

ಮರುದಿನ ಅವ್ವ ಅವರನ್ನು ಹಿಡಿದು ನಿಲ್ಲಿಸಿದಳು. ನಮ್ಮವ್ವ ಕಲೆಕ್ಟರ್ ಬಂದರೂ ಹೇಳುವುದನ್ನು ಹೇಳುವವಳು.

"ಹೇಳದ ಕೇಳದ ಎದ್ದ ಹೋಗೂದು ಯಾವ ಪದ್ಧತಿರಿ, ಸಾಹೇಬ್ರ? ಬಂದವರು 'ಬರ್ತೇನ್ರಿ' ಅಂತ ಹೇಳಿ ಹೋಗಬೇಕು. ಮನ್ಯಾಗಿನವರು 'ಹ್ಞೂಂ, ಬರ್ರಿ' ಅನಬೇಕು. ಅಂದಮ್ಯಾಲ ಹೊಸ್ತಿಲಾ ದಾಟಬೇಕು."

"ಹೋಗೋವಾಗ ಬರ್ತೀನಿ ಅಂತ ನಮ್ಮ ಕಡೇನೂ ಹೇಳ್ತೀವಿ ಅವ್ವಾ. ಮರೆತೆ."

"ಮರೀಬ್ಯಾಡ್ರಿ. ಹೇಳದ ಬರೂದು ಒಂದ ಮನಿಯಿಂದ. ಸತ್ತವರ ಮನಿಯಿಂದ. ಅಲ್ಲೆ 'ಬರ್ತೇನಿ' ಅನಬಾರದು, ಸುಮ್ಮನ ಎದ್ದ ಬರಬೇಕು. ನಮ್ಮ ಮನ್ಯಾಗ ಎಲ್ಲಾರೂ ಗಟ್ಟಿ ಅದೇವಿ."

ಸಾಹೇಬರು ಕೈಮುಗಿದರು. ಆಮೇಲೆ ಅವರು ಎಂದೂ ಮರೆಯಲಿಲ್ಲ. ಮರೆಯುವುದು ಹೋಗಲಿ, ಅತಿ ಮಾಡಿದರು. ಟೇಬಲ್ಲಿನಿಂದ ಹಿತ್ತಲಿಗೆ ಹೋಗುವಾಗಲೂ "ಬರ್ತೇನ್ರಿ" ಎಂದು ಇಡೀ ಕಚೇರಿಗೆ ಕೂಗಿ ಹೇಳುವುದು, ನಾವೆಲ್ಲ ತಲೆ ಎತ್ತದೆ "ಹ್ಞೂಂ, ಬರ್ರಿ" ಎನ್ನುವುದು. ಸವದತ್ತಿಗೆ ಬದಲಿಯಾಗಿ ಹೋದ ಕ್ಲಾರ್ಕೊಬ್ಬ ಅಲ್ಲಿಯೂ ಅದನ್ನೇ ಮಾಡಲು ಹೋಗಿ ಬೈಸಿಕೊಂಡ.

ಸಾಹೇಬರಿಗೆ ಒಂದು ವೈರಿ ಇತ್ತು, ತುಕ್ಕು. ಕಟಕೋಳದ ಹತ್ತಿರ ಸವುಳು ನೀರು ಹರಿಯುವ ಒಂದು ಮೋರಿಯಲ್ಲಿ ಕಬ್ಬಿಣದ ಸರಳು ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನೇ ಸಿಗಿದಿತ್ತು. ಆ ತುಕ್ಕಿನ ಚಕ್ಕೆಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದು ನನ್ನ ನಕ್ಷೆಯ ಮೇಲೆ ಸುರಿದು, "ನೋಡ್ರೀ, ಹೊಟ್ಟೆಯೊಳಗಿನ ರೋಗ" ಎಂದರು. ಆವತ್ತೇ ತಮ್ಮ ತಲೆಯಲ್ಲಿದ್ದದ್ದನ್ನು ಹೇಳಿದರು. ಕಬ್ಬಿಣದ ತಂತಿಯ ಬದಲು ಗಾಜಿನ ನೂಲು. ಗಾಜನ್ನು ಕೂದಲಿನಷ್ಟು ಸಣ್ಣಗೆ ಎಳೆದು, ಆ ಎಳೆಗಳನ್ನೆಲ್ಲ ಅಂಟಿನಲ್ಲಿ ಅದ್ದಿ ಕಟ್ಟಿದರೆ ಸರಳಾಗುತ್ತದೆ, ಅದಕ್ಕೆ ತುಕ್ಕು ಹಿಡಿಯುವುದಿಲ್ಲ. ಮುಂಬೈಯಲ್ಲಿ ದೋಣಿ ಮಾಡುವ ಕಾರ್ಖಾನೆಯೊಂದರಲ್ಲಿ ಅವರ ಗೆಳೆಯನಿದ್ದ, ಅವನು ಕಳಿಸಲು ಒಪ್ಪಿದ್ದ.

ಇದರ ಹಿಂದೆ ಇನ್ನೊಂದು ಆಸೆ ಇತ್ತು. ದೊಡ್ಡ ಊರಿನ ಸಂಶೋಧನಾ ಕೇಂದ್ರಕ್ಕೆ ಹೋಗಬೇಕು, ಜೀವಮಾನವಿಡೀ ತೊಲೆ ಬಗ್ಗಿಸುತ್ತ ಕೂರಬೇಕು. ಮುಚ್ಚಿಡುವ ಸ್ವಭಾವ ಅವರದಲ್ಲವೆಂದು ನಾವೆಲ್ಲ ತಿಳಿದಿದ್ದೆವು, ಈ ಆಸೆಯನ್ನಂತೂ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದರು. ಅವರ ಹೆಂಡತಿ ಹಿತ್ತಾಳೆಯ ಪಾತ್ರೆಗಳನ್ನು ಟ್ರಂಕಿನಿಂದ ತೆಗೆದೇ ಇರಲಿಲ್ಲ. "ಹೇಗಿದ್ದರೂ ಹೋಗ್ತೀವಲ್ಲ" ಎಂದು ಅಲ್ಯೂಮಿನಿಯಂ ಪಾತ್ರೆಯಲ್ಲೇ ಸಾರು ಮಾಡುತ್ತಿದ್ದರು.

ಗಾಜಿನ ಸರಳುಗಳು ಗೋಣಿತಟ್ಟಿನಲ್ಲಿ ಸುತ್ತಿಕೊಂಡು ಬಸ್ಸಿನ ಮೇಲೆ ಬಂದವು. ಹಳದಿ ಬಣ್ಣ, ಬೆರಳಿನಷ್ಟು ದಪ್ಪ, ಎತ್ತಿದರೆ ತೂಕವೇ ಇಲ್ಲ. ಅವ್ವ ನೋಡಲು ಬಂದು, "ಗಾಜು ಅಂದ್ರ ಬಳಿ ಮಾಡತಾರಲ್ಲ, ಅದಽ ಏನು? ಅದರ ಮ್ಯಾಲ ಮಂದಿ ನಡೀತಾರ?" ಎಂದಳು. ಸಾಹೇಬರು ಒಂದು ಸರಳನ್ನು ಎರಡೂ ಕೈಯಲ್ಲಿ ಹಿಡಿದು ಬಿಲ್ಲಿನ ಹಾಗೆ ಬಗ್ಗಿಸಿ ಬಿಟ್ಟರು. ಅದು ಝೇಂಕರಿಸಿ ನೆಟ್ಟಗಾಯಿತು. ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಸರಳು ಕತ್ತರಿಸುವ ಕೆಲಸ ಮೇಸ್ತ್ರಿಯದು. ಕತ್ತರಿಸಿದ ಕಡೆ ಗಾಜಿನ ಸಣ್ಣ ಮುಳ್ಳುಗಳು ಎದ್ದು ಗಾಳಿಯಲ್ಲಿ ಸೇರಿದವು. ಮಧ್ಯಾಹ್ನದ ಹೊತ್ತಿಗೆ ಮೇಸ್ತ್ರಿ, ಆಳುಗಳು, ಜವಾನ, ಹೆಡ್‌ಕ್ಲಾರ್ಕು, ಕಿಟಕಿ ತೆರೆದುಕೊಂಡು ಕೂತ ನಾನು, ಎಲ್ಲರೂ ಪರಪರ ಕೆರೆದುಕೊಳ್ಳುವವರೇ. ಮೇಸ್ತ್ರಿ ಎರಡೂ ಮೊಣಕೈ ಕೆರೆಯುತ್ತ ಸಾಹೇಬರ ಎದುರು ಬಂದು ನಿಂತರು. "ಸಾಹೇಬ್ರ, ಬಂದ ದಿನ ಕೇಳಿದ್ರಲ್ಲ. ಈಗ ಆತು ನೋಡ್ರಿ, ತಿಂಡಿ."

ಕೆಲಸ ಹೀಗಿತ್ತು. ಸರಳನ್ನು ಮೊದಲು ಜಗ್ಗಿ ಬಿಗಿಯುವುದು, ಬಿಗಿದ ಸರಳಿನ ಸುತ್ತ ಕಾಂಕ್ರೀಟು ಹಾಕುವುದು, ಅದು ಗಟ್ಟಿಯಾದ ಮೇಲೆ ಬಿಗಿ ಬಿಡುವುದು. ಸರಳು ಮತ್ತೆ ಗಿಡ್ಡ ಆಗಲು ನೋಡುತ್ತದೆ, ಕಾಂಕ್ರೀಟನ್ನು ಒತ್ತಿ ಹಿಡಿಯುತ್ತದೆ. ಇದನ್ನು ಸಾಹೇಬರು ಇಂಗ್ಲಿಷಿನಲ್ಲಿ ಹೇಳಿದಾಗ ನಮಗೆ ತಿಳಿಯಲಿಲ್ಲ. ಅಡತಿ ಅಂಗಡಿಯ ಮುಂದೆ ನಿಲ್ಲಿಸಿ ತೋರಿಸಿದಾಗ ತಿಳಿಯಿತು. "ಆ ಹಮಾಲ ಚೀಲ ಎತ್ತೋ ಮುಂಚೆ ಸೊಂಟಕ್ಕೆ ಪಂಜೆ ಬಿಗಿತಾನಲ್ಲ, ಅದು. ಭಾರ ಬರೋಕ್ಕೆ ಮುಂಚೆ ತೊಲೆಗೆ ನಡ ಕಟ್ಟೋದು." ಹಾಗೆ ನಡ ಕಟ್ಟಿದ ತೊಲೆ ನೆಟ್ಟಗಿರುವುದಿಲ್ಲ, ಬೆಕ್ಕಿನ ಹಾಗೆ ಕೊಂಚ ಬೆನ್ನೆತ್ತುತ್ತದೆ. ಬಿಗಿ ಬಿಟ್ಟ ದಿನ ತೊಲೆ ಬೆನ್ನೆತ್ತಿದ್ದು ನೋಡಿ ಮೇಸ್ತ್ರಿ ತಮ್ಮ ಹಲಗೆಯೇ ಸೊಟ್ಟಗಿತ್ತೆಂದು ನಾಚಿ, ಯಾರೂ ನೋಡದಾಗ ಉಬ್ಬನ್ನು ಉಳಿಯಿಂದ ಕೆತ್ತಲು ಹೊರಟಿದ್ದರು. ನಾನು ಕಿಟಕಿಯಿಂದ ಕೂಗದಿದ್ದರೆ ಕೆತ್ತಿಯೇ ಬಿಡುತ್ತಿದ್ದರು.

ತೊಲೆ ಯಾತಕ್ಕೆಂದರೆ ಸಾಲಹಳ್ಳಿಯ ಹಳ್ಳಕ್ಕೆ. ರಾಮದುರ್ಗ ತಾಲ್ಲೂಕಿನ ಆ ಊರಿಗೆ ನಮ್ಮ ಸಣ್ಣವ್ವನನ್ನು, ಅಂದರೆ ಅವ್ವನ ತಂಗಿಯನ್ನು ಕೊಟ್ಟಿದ್ದರು. ಮಳೆ ಬಂದರೆ ಹಳ್ಳದ ಆಚೆಯ ಓಣಿಯವರು ಆಚೆಯೇ. ಸಣ್ಣವ್ವನ ಮನೆಯೂ ಆಚೆಯೇ. ಅಲ್ಲಿಗೊಂದು ಕಾಲುಸೇತುವೆ ಮಂಜೂರಾಗಿತ್ತು. ಅದನ್ನು ಗಾಜಿನ ತೊಲೆಯಿಂದ ಕಟ್ಟುವುದು, ದೇಶದಲ್ಲೇ ಯಾರೂ ಮಾಡದ್ದನ್ನು ಮಾಡಿ ತೋರಿಸುವುದು, ಅದರ ಮೇಲೇರಿ ಸಂಶೋಧನಾ ಕೇಂದ್ರ ಸೇರುವುದು. ಸಾಹೇಬರ ಲೆಕ್ಕಾಚಾರ ಇದು.

ಮೊದಲು ಪರೀಕ್ಷೆ ಆಗಬೇಕು. ಹಿತ್ತಲಲ್ಲಿ ಎರಡು ಕಟ್ಟೆಗಳ ಮೇಲೆ ತೊಲೆ ಮಲಗಿಸಿ ಅದರ ಬೆನ್ನಿಗೆ ಭಾರ ಹೇರಬೇಕು. ಮರಳು ಚೀಲ ಸೋರುತ್ತವೆ, ಕಲ್ಲು ಒಂದರಂತೆ ಒಂದಿಲ್ಲ. ಸಾಹೇಬರು ಪೇಟೆಯಲ್ಲಿ ಒಂದು ಸುತ್ತು ಹಾಕಿ, "ಒಂದೇ ಅಚ್ಚಿನಲ್ಲಿ ಎರೆದದ್ದು, ಒಂದೇ ತೂಕ" ಎಂದು ಬೆಲ್ಲದ ಪೆಂಟೆಗಳನ್ನು ಹುಡುಕಿಕೊಂಡು ಬಂದರು. ಬೆಲ್ಲದ ಸಾವುಕಾರರು ಎರವಲು ಕೊಟ್ಟರು, ಒಂದು ಷರತ್ತಿನ ಮೇಲೆ: "ಬಗ್ಗಿಸಿ ನೋಡಬ್ಯಾಡ್ರಿ."

ಆವತ್ತು ಹಿತ್ತಲಲ್ಲಿ ಇದ್ದವರು ಸಾಹೇಬರು, ಮೇಸ್ತ್ರಿ, ಇಬ್ಬರು ಆಳುಗಳು, ಕಿಟಕಿಯಲ್ಲಿ ನಾನು. ಪೆಂಟೆ ಏರಿದ ಹಾಗೆ ಗಾಜಿನ ತೊಲೆ ಮೆಲ್ಲಗೆ ಬೆನ್ನಿಳಿಸಿತು, ನೆಟ್ಟಗಾಯಿತು, ಆಮೇಲೆ ಹೊಟ್ಟೆ ಬಿಟ್ಟಿತು. ಕೆಳಗೆ ಕೂದಲೆಳೆಯಂಥ ಬಿರುಕು ಕಂಡವು. ಸೇತುವೆಗೆ ಬೇಕಾದಷ್ಟು ಭಾರ ಆಗಿ, ಅದರ ಮೇಲೆ ಇನ್ನೂ ಎಷ್ಟೋ ಆಯಿತು. ಸಾಹೇಬರು ಪೆಂಟೆಗಳನ್ನೆಲ್ಲ ಇಳಿಸಲು ಹೇಳಿದರು. ತೊಲೆ ಏನೂ ಆಗದವರ ಹಾಗೆ ಮತ್ತೆ ಬೆನ್ನೆತ್ತಿ ಮಲಗಿತು, ಬಿರುಕುಗಳು ಕೂಡಿಕೊಂಡು ಕಾಣದಾದವು. ಸಾಹೇಬರು ಕುಣಿಯುವುದೊಂದು ಬಾಕಿ. "ನೋಡಿದ್ರಾ, ನೋಡಿದ್ರಾ" ಎಂದು ನನ್ನ ಕಿಟಕಿಗೂ ಮೇಸ್ತ್ರಿಗೂ ನಡುವೆ ಓಡಾಡಿದರು. ಮತ್ತೆ ಹೇರಿಸಿದರು. ಇನ್ನಷ್ಟು ಹೇರಿಸಿದರು.

ಮೇಸ್ತ್ರಿ ಒಂದು ಪೆಂಟೆ ಇಟ್ಟು, ಇನ್ನೊಂದನ್ನು ಎತ್ತಿಕೊಳ್ಳಲು ಹಿಂದೆ ತಿರುಗಿದರು. ಅಷ್ಟರಲ್ಲಿ ಪಟಾಕಿ ಹೊಡೆದಂಥ ಸದ್ದಾಯಿತು. ತೊಲೆ ಎರಡು ತುಂಡಾಗಿ ನೆಲದಲ್ಲಿತ್ತು. ಮೇಸ್ತ್ರಿ ನಿಂತಿದ್ದ ಜಾಗದಲ್ಲಿ ಬೆಲ್ಲದ ರಾಶಿ. ಅವರು ತಿರುಗದೆ ಇದ್ದಿದ್ದರೆ ಆ ರಾಶಿ ಅವರ ಮೇಲೆಯೇ ಇರುತ್ತಿತ್ತು.

ಸಾಹೇಬರು ಅಲ್ಲೇ ನೆಲದ ಮೇಲೆ ಕೂತರು. ಮುರಿದ ತುದಿಯನ್ನು ಮುಟ್ಟಿ ನೋಡಿ, "ಹೇಳಲಿಲ್ಲ" ಎಂದರು.

"ಏನ್ರಿ?" ಎಂದರು ಮೇಸ್ತ್ರಿ.

"ಇದು ಹೇಳಲೇ ಇಲ್ಲ ಮೇಸ್ತ್ರಿ. ಹೇಳದೆ ಕೇಳದೆ ಹೋಯ್ತು."

ಪಕ್ಕದಲ್ಲಿ ತಾಳೆ ನೋಡಲೆಂದು ಎರಕ ಹೊಯ್ದ ಇನ್ನೊಂದು ತೊಲೆ ಇತ್ತು. ಅದರ ಹೊಟ್ಟೆಯಲ್ಲಿ ಮಾಮೂಲಿ ಉಕ್ಕಿನ ತಂತಿ. ಮರುದಿನ ಅದಕ್ಕೂ ಹೇರಿದರು. ಅದು ಗಾಜಿನಷ್ಟು ಹೊರಲಿಲ್ಲ. ಆದರೆ ಒಂದು ಹಂತಕ್ಕೆ ಬಂದ ಮೇಲೆ ಅದರ ರೀತಿಯೇ ಬದಲಾಯಿತು. ಒಂದು ಪೆಂಟೆಗೆ ಇಷ್ಟು ಬಾಗುತ್ತಿದ್ದದ್ದು ಈಗ ಅಷ್ಟು ಬಾಗಿತು. ಬಿರುಕುಗಳು ಬಾಯಿ ತೆರೆದವು, ಸದ್ದು ಮಾಡಿದವು. ಭಾರ ಇಳಿಸಿದರೂ ಅದು ಮತ್ತೆ ಬೆನ್ನೆತ್ತಲಿಲ್ಲ, ಜೋತುಬಿದ್ದೇ ಉಳಿಯಿತು. ಕುರುಡರಿಗೂ ತಿಳಿಯುವಂತಿತ್ತು. ಸಾಹೇಬರು ನನ್ನ ಕಿಟಕಿಗೆ ಒರಗಿ ಹೇಳಿದರು, "ಗಾಜಿನದೂ ಬಾಗುತ್ತೆ ಕಣ್ರೀ. ಉಕ್ಕಿಗಿಂತ ಜಾಸ್ತೀನೇ ಬಾಗುತ್ತೆ. ಆದ್ರೆ ಮೊದಲಿಂದ ಕೊನೇವರೆಗೂ ಒಂದೇ ಥರ ಬಾಗುತ್ತೆ. ಅದರ ಬಾಗಿನಲ್ಲಿ ಸುದ್ದಿ ಇಲ್ಲ."

ಇಷ್ಟಾಗುವಷ್ಟರಲ್ಲಿ ಬೆಳಗಾವಿಯ ದೊಡ್ಡ ಸಾಹೇಬರಿಗೆ ಸುದ್ದಿ ಮುಟ್ಟಿತ್ತು, ಅದೂ ಅರ್ಧ ಸುದ್ದಿ. ಗಾಜಿನ ತೊಲೆ ಉಕ್ಕಿಗಿಂತ ಹೆಚ್ಚು ಹೊತ್ತಿತು ಎಂಬುದಷ್ಟೇ. ಅವರಿಗೆ ಹಿಡಿಸಲಾರದಷ್ಟು ಸಂತೋಷ. ಹೊಸ ತೊಲೆ ಮಾಡಿಸಿ ಇಡಿ, ನಾಲ್ಕು ಜನ ಅತಿಥಿಗಳನ್ನು ಕರೆತರುತ್ತೇನೆ, ಎಲ್ಲರ ಎದುರು ಹೇರಿ ತೋರಿಸಿ, ಸಂಶೋಧನಾ ಕೇಂದ್ರಕ್ಕೆ ನಿಮ್ಮ ಹೆಸರು ನಾನೇ ಹೇಳುತ್ತೇನೆ ಎಂದು ಹೇಳಿ ಕಳಿಸಿದರು. ಸಾಹೇಬರ ಹೆಂಡತಿ ಟ್ರಂಕಿಗೆ ಹೊಸ ಬೀಗ ಕೊಂಡರು.

ಕಚೇರಿಯಲ್ಲಿ ಎಲ್ಲರದೂ ಒಂದೇ ಬುದ್ಧಿವಾದ. ಸೇತುವೆಗೆ ಬೇಕಾದಷ್ಟು ಹೇರಿ ನಿಲ್ಲಿಸಿಬಿಡಿ. ಅಷ್ಟಕ್ಕೆ ಅದು ಏನೂ ಆಗುವುದಿಲ್ಲ, ಸುಳ್ಳೂ ಹೇಳಿದಂತಾಗುವುದಿಲ್ಲ. ನಾನೂ ಅದನ್ನೇ ಹೇಳಿದೆ.

"ಅಷ್ಟು ಹೇರು ಅಲ್ಲೆ ಯಾರು ಹೇರತಾರ್ರಿ, ಸಾಹೇಬ್ರ? ಅದು ಕಾಲುಸೇತುವಿ. ನಮ್ಮ ಸಣ್ಣವ್ವ, ಅಕಿ ಎಮ್ಮಿ, ನಾಕ ಸಾಲಿ ಹುಡುಗ್ರು. ಇಷ್ಟ ಐತಿ."

"ಕಿತ್ತೂರು ಬಸ್ಸಲ್ಲಿ ಎಷ್ಟು ಜನ ಕೂರಬೇಕು ಅಂತ ಬಾಗಿಲ ಮೇಲೆ ಬರ್ದಿರ್ತಾರಲ್ಲ, ಅಷ್ಟೇ ಜನ ಕೂತಿದ್ದನ್ನ ನೀವು ಯಾವತ್ತಾದರೂ ನೋಡಿದ್ದೀರಾ?"

ನೋಡಿರಲಿಲ್ಲ. ನಾನೇ ಎಷ್ಟೋ ಸಲ ಆ ಬಸ್ಸಿನ ಮೆಟ್ಟಿಲ ಮೇಲೆ ಜೋತಾಡಿಕೊಂಡು ಬಂದವಳು.

"ಇವತ್ತು ಎಮ್ಮೆ, ನಾಳೆ ಚಕ್ಕಡಿ, ನಾಡಿದ್ದು ಇನ್ನೇನೋ" ಎಂದರು. "ಹೆಚ್ಚಿಗೆ ಹೇರೋದು ನಮ್ಮ ಜನರ ಸ್ವಭಾವ. ಅದನ್ನ ತಪ್ಪಿಸೋಕ್ಕೆ ನನ್ನ ಕೈಲಾಗಲ್ಲ. ಹೇರಿದ ಮೇಲೆ ತೊಲೆ ಮುರಿಯಲಿ, ಅದು ಅದರ ಹಣೆಬರಹ. ಆದರೆ ಹೇಳಿ ಮುರೀಬೇಕು. ನಿಮ್ಮವ್ವ ಹೇಳಿದ್ದು ಅದೇ ಅಲ್ವಾ?"

ಆ ದಿನ ಬಂತು. ಹಿತ್ತಲಲ್ಲಿ ಶಾಮಿಯಾನ, ಕುರ್ಚಿ, ಹಾರ. ಪಕ್ಕಪಕ್ಕದಲ್ಲಿ ಎರಡು ತೊಲೆ, ಒಂದು ಗಾಜಿನದು, ಒಂದು ಉಕ್ಕಿನದು. ಸಾಲಹಳ್ಳಿಯಿಂದ ಸಣ್ಣವ್ವನೂ ಬಂದು ಅವ್ವನ ಪಕ್ಕ ಕೂತಿದ್ದಳು. ಬೆಲ್ಲದ ಸಾವುಕಾರರು ತಮ್ಮ ಪೆಂಟೆಗಳ ಮೇಲೆ ಕಣ್ಣಿಟ್ಟು ಮುಂದಿನ ಸಾಲಿನಲ್ಲೇ ಇದ್ದರು. ಸೇತುವೆಗೆ ಬೇಕಾದಷ್ಟು ಭಾರ ಎರಡರ ಮೇಲೂ ಏರಿತು. ಚಪ್ಪಾಳೆ ಬಿತ್ತು. ದೊಡ್ಡ ಸಾಹೇಬರು ಹಾರ ಕೈಗೆತ್ತಿಕೊಂಡು ಎದ್ದರು.

"ಇನ್ನೂ ಮುಗಿದಿಲ್ಲ ಸರ್" ಎಂದರು ನಮ್ಮ ಸಾಹೇಬರು. "ಮೇಸ್ತ್ರಿ, ಎಲ್ಲರನ್ನೂ ದೂರ ಸರಿಸಿ. ಬಿದಿರು ತಗೊಂಡು ದೂರದಿಂದ ನೂಕಿ ಇಡಿ."

"ಸಾಕಲ್ಲ" ಎಂದರು ದೊಡ್ಡ ಸಾಹೇಬರು.

"ಸಾಕಾಗಿಲ್ಲ ಸರ್."

ಉಕ್ಕಿನ ತೊಲೆ ಮೊದಲು ದಣಿಯಿತು. ಬಾಗಿತು, ಬಿರಿಯಿತು, ನರಳಿತು. ಸಣ್ಣವ್ವ ಅವ್ವನ ಕೈ ಹಿಡಿದುಕೊಂಡು, "ಯವ್ವಾ, ಅದು ಬೀಳತೈತಿ, ನಾ ಅಂತೂ ದಾಟಂಗಿಲ್ಲ" ಎಂದಳು. ಸಾಹೇಬರು ಅದನ್ನು ಕೇಳಿಸಿಕೊಂಡು ತಿರುಗಿ ನೋಡಿ ತಲೆಯಾಡಿಸಿದರು. ಅದರ ಮೇಲೆ ಹೇರುವುದನ್ನು ನಿಲ್ಲಿಸಿದರು. ಗಾಜಿನದರ ಮೇಲೆ ಹೇರಿಸಿದರು. ಅದು ಚೆನ್ನಾಗಿಯೇ ಇತ್ತು. "ಇದು ಗಟ್ಟಿ ಐತಿ ನೋಡು, ಇದರ ಮ್ಯಾಲ ಬೇಕಾರ ದಾಟತೇನಿ" ಎಂದು ಸಣ್ಣವ್ವ ಬಾಯಿ ಮುಚ್ಚುವುದರೊಳಗೆ ಅದು ಪಟ್ಟೆಂದು ತುಂಡಾಯಿತು. ಬೆಲ್ಲ ಅತಿಥಿಗಳ ಕಾಲಿನ ತನಕ ಉರುಳಿತು.

ಸಾಹೇಬರು ಸಣ್ಣವ್ವನಿಗೇ ಹೇಳಿದರು, ಅವಳೇ ಅಲ್ಲಿಯ ದೊಡ್ಡ ಅತಿಥಿ ಎನ್ನುವ ಹಾಗೆ. "ನೋಡ್ರವ್ವಾ. ಅದು ಹೇಳಿತು, ನೀವು ದಾಟಲ್ಲ ಅಂದ್ರಿ. ಇದು ಹೇಳಲಿಲ್ಲ, ನೀವು ದಾಟ್ತೀನಿ ಅಂದ್ರಿ. ಇದನ್ನ ನಿಮ್ಮೂರಿಗೆ ನಾನು ಕಟ್ಟಲ್ಲ. ಮುಂದೆ ಯಾರಾದರೂ ಇದಕ್ಕೆ ಮಾತು ಕಲಿಸಿದರೆ ಆಗ ನೋಡೋಣ."

ದೊಡ್ಡ ಸಾಹೇಬರು ಹಾರವನ್ನು ಕುರ್ಚಿಯ ಮೇಲಿಟ್ಟು ಜೀಪು ಹತ್ತಿದರು. ಅವ್ವ ನನ್ನ ಕಿವಿಯಲ್ಲಿ, "ಇವರೂ ಹೇಳದ ಹೋದ್ರಲ್ಲ" ಎಂದಳು. ಒಡೆದ ಬೆಲ್ಲವನ್ನು ಸಾವುಕಾರರು ನಿಟ್ಟುಸಿರು ಬಿಟ್ಟು ಊರಿಗೇ ಹಂಚಿದರು. ಆವತ್ತು ನಮ್ಮ ಓಣಿಯಲ್ಲಿ ಹೋಳಿಗೆ ಮಾಡದ ಮನೆ ಇರಲಿಲ್ಲ. ಕಚೇರಿಯ ಹಿತ್ತಲಲ್ಲಿ ಇರುವೆ ಸಾಲು ಎಷ್ಟೋ ದಿನ ಹರಿದಾಡಿತು.

ಸಂಶೋಧನಾ ಕೇಂದ್ರದ ಮಾತು ಅಲ್ಲಿಗೆ ಮುಗಿಯಿತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಮುಗಿಯಿತು ಅಷ್ಟೇ. ಒಂದು ಸಂಜೆ ಅವರ ಮನೆಗೆ ಹೋದಾಗ ಹೆಂಡತಿ ಹಿತ್ತಾಳೆಯ ಪಾತ್ರೆಗಳನ್ನು ಹೊರಗೆ ತೆಗೆದು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರು. ಸಾಹೇಬರು ಪಕ್ಕದಲ್ಲಿ ಕೂತು ಒಂದು ಸೌಟು ಹಿಡಿದು ಬಗ್ಗಿಸಿ ನೋಡುತ್ತಿದ್ದರು. "ನೋಡ್ರೀ, ನಮ್ಮ ಹಿತ್ತಾಳೆ ಎಷ್ಟು ಸಭ್ಯ" ಎಂದು ನಕ್ಕರು. ಅವರು ಯಾವಾಗಲೂ ನಗುತ್ತಿದ್ದ ಹಾಗೆಯೇ ನಕ್ಕರು, ಒಂದೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ನಾನು ಮನೆಗೆ ಬಂದು ಅವ್ವನಿಗೆ, ಸಾಹೇಬರಿಗೆ ಅದರ ಚಿಂತೆಯೇ ಇಲ್ಲ ಎಂದೆ.

ಸಾಲಹಳ್ಳಿಗೆ ಉಕ್ಕಿನ ತೊಲೆಯ ಸೇತುವೆಯೇ ಆಯಿತು, ತುಕ್ಕು ಮುಟ್ಟದಿರಲೆಂದು ಮೈಮೇಲೆ ದಪ್ಪ ಕಾಂಕ್ರೀಟು ಹೊದಿಸಿ. ಅದನ್ನು ಜನರ ಓಡಾಟಕ್ಕೆ ಬಿಡುವ ಮೊದಲು ಸಾಹೇಬರು ಊರವರನ್ನು ಹಳ್ಳದೊಳಗೆ ಇಳಿಸಿ ಒಂದು ಪಾಠ ಹೇಳಿದರು. ತೊಲೆಯ ಕೆಳಗೆ ಈ ತುದಿಯಿಂದ ಆ ತುದಿಗೆ ದಾರ ಬಿಗಿಹಿಡಿಯಿರಿ. ತೊಲೆ ಬೆನ್ನೆತ್ತಿರುವುದರಿಂದ ನಡುವೆ ಸಂದು ಕಾಣುತ್ತದೆ. ಸಂದು ಇರುವವರೆಗೆ ದಾಟಿ. ತೊಲೆಯ ಹೊಟ್ಟೆ ದಾರಕ್ಕೆ ತಾಗಿದ ದಿನ ದಾಟಬೇಡಿ. ನಮ್ಮ ಮಂದಿಗೆ ಇಂಥದ್ದು ಸಿಕ್ಕರೆ ಸುಮ್ಮನೆ ಬಿಡುತ್ತಾರೆಯೇ? ಅಮಾವಾಸ್ಯೆಗೊಮ್ಮೆ ದಾರ ಹಿಡಿಯುವುದು ಪದ್ಧತಿಯೇ ಆಯಿತು. ದಾರಕ್ಕೆ ಅರಿಷಿಣ ಬಂತು, ತೊಲೆಗೆ ಕಾಯಿ ಬಂತು, ಸಣ್ಣವ್ವನ ಕೈಗೆ ದಾರದ ಒಂದು ತುದಿ ಖಾಯಂ ಆಯಿತು.

ಸಾಹೇಬರಿಗೆ ಬದಲಿಯಾಯಿತು. ಅವ್ವನ ಹೊಸ್ತಿಲಲ್ಲಿ ನಿಂತು "ಬರ್ತೇನ್ರಿ" ಎಂದು ನಮ್ಮ ಭಾಷೆಯಲ್ಲೇ ಹೇಳಿ ಹೋದರು.

ಕೆಲವು ವರ್ಷ ಕಳೆದ ಮೇಲೆ ಸುಗ್ಗಿಯಲ್ಲಿ ಯಾವನೋ ಪುಣ್ಯಾತ್ಮ ಸುತ್ತು ಹಾದಿ ಬೇಡವೆಂದು ಕಬ್ಬಿನ ಟ್ರ್ಯಾಕ್ಟರನ್ನು ಆ ಕಾಲುಸೇತುವೆಯ ಮೇಲೆ ಹಾಯಿಸಿದ. ಹೇಗೋ ದಾಟಿಯೂ ಬಿಟ್ಟ. ಮೇಲಿನಿಂದ ನೋಡಿದವರಿಗೆ ಏನೂ ಆಗಿರಲಿಲ್ಲ. ಅಮಾವಾಸ್ಯೆಗೆ ದಾರ ಹಿಡಿದಾಗ ತೊಲೆಯ ಹೊಟ್ಟೆ ದಾರವನ್ನು ಒತ್ತಿ ಕೆಳಗಿಳಿಸಿತು. ಸಣ್ಣವ್ವ ದಾರ ಬಿಟ್ಟು ಎದ್ದವಳೇ ಎರಡೂ ತುದಿಗೆ ಜಾಲಿಮುಳ್ಳು ಹಾಕಿಸಿ, ಶಾಲೆಯ ಹುಡುಗರನ್ನು ಸುತ್ತು ಹಾದಿಗೆ ಅಟ್ಟಿದಳು. ಮುಂದಿನ ವಾರ ಮಟಮಟ ಮಧ್ಯಾಹ್ನ, ಶಾಲೆ ಬಿಡುವ ಹೊತ್ತಿಗೆ ಸೇತುವೆ ಕುಸಿಯಿತು. ಅದರ ಮೇಲೆ ಒಂದು ಕೋಳಿಯೂ ಇರಲಿಲ್ಲ.

ನಾನು ಸಾಹೇಬರ ಕಚೇರಿಗೆ ಟ್ರಂಕ್ ಕಾಲ್ ಹಚ್ಚಿಸಿದೆ. ಅರ್ಧ ದಿನ ಕಾದ ಮೇಲೆ ಲೈನು ಸಿಕ್ಕಿತು. ಆ ಕಾಲದ ಫೋನು, ಬಾಯಿ ಹರಿಯುವಂತೆ ಕಿರುಚಬೇಕು.

"ಸಾಹೇಬ್ರ, ಸಾಲಹಳ್ಳಿ ಸೇತುವಿ ಬಿತ್ರಿ!"

ಆಚೆಯಿಂದ ಒಂದೇ ಮಾತು ಬಂತು.

"ಹೇಳಿತ್ತಾ?"

"ಹೇಳಿತ್ರಿ. ವಾರದ ಮೊದಲ ಹೇಳಿತ್ತು. ಯಾರಿಗೂ ಏನೂ ಆಗಿಲ್ರಿ."

ಆಚೆ ಅವರು ನಕ್ಕರೋ ಅತ್ತರೋ ನನಗೆ ಗೊತ್ತಾಗಲಿಲ್ಲ, ಗರಗರ ಸದ್ದಿನಲ್ಲಿ ಎರಡೂ ಒಂದೇ ಥರ ಕೇಳಿಸುತ್ತಿತ್ತು. ಫೋನು ಇಡುವ ಮೊದಲು ಮಾತ್ರ "ಬರ್ತೇನ್ರಿ" ಎಂದರು. ನನ್ನ ಸುತ್ತ ಕಿವಿಗೊಟ್ಟು ನಿಂತಿದ್ದ ಇಡೀ ಕಚೇರಿ, ಮೇಸ್ತ್ರಿಯೂ ಸೇರಿ, "ಹ್ಞೂಂ, ಬರ್ರಿ" ಎಂದಿತು.

ಇಂಥ ಮನುಷ್ಯ ಹೋದ ತಿಂಗಳು ಹೋದರು. ನಿವೃತ್ತಿಯಾದ ಮೇಲೆ ಧಾರವಾಡದಲ್ಲಿ ಮನೆ ಮಾಡಿದ್ದರು. ನಾನು ಮನೆಯವರನ್ನು ಮಾತಾಡಿಸಿ ಬರಲು ಹೋದೆ. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು ಕೂರಿಸಿದರು. ನಾನು ಕೇಳಬೇಕೆಂದಿದ್ದದ್ದು ಒಂದೇ.

"ಹೇಳಿದ್ರೇನ್ರಿ? ಏನರೆ, ಒಂದು ಮಾತು?"

"ಇಲ್ಲಮ್ಮ" ಎಂದರು. "ಕಾಫಿ ಕುಡಿದು, ಚಮಚ ಬಗ್ಗಿಸ್ತಾ ಕೂತಿದ್ರು. ನಾನು ಒಳಗೆ ಹೋಗಿ ಬರೋಷ್ಟರಲ್ಲಿ ಆಗಿಹೋಗಿತ್ತು. ಎದೆನೋವು ವರ್ಷದಿಂದ ಇತ್ತಂತೆ, ಡಾಕ್ಟರು ಆಮೇಲೆ ಹೇಳಿದ್ರು. ನನಗೆ ಒಂದು ದಿನ ಹೇಳಲಿಲ್ಲ. ನಗ್ತಾನೇ ಇದ್ರು." ಹಿತ್ತಲ ಕಡೆ ಕೈ ಮಾಡಿದರು. "ಆ ಬೈಲಹೊಂಗಲದ ಕಲ್ಲು ನೋಡಿ. ಎಲ್ಲಿಗೆ ಬದಲಿ ಆದರೂ ಹೊತ್ತುಕೊಂಡು ಬಂದರು. ದಿನಾ ಸಂಜೆ ಅದರ ಮೇಲೇ ಕೂರೋರು."

ಹಿತ್ತಲಲ್ಲಿ, ದಾಸವಾಳದ ಗಿಡದ ಕೆಳಗೆ, ಗಾಜಿನ ತೊಲೆಯ ಅರ್ಧ ತುಂಡು ಇತ್ತು. ಮುರಿದ ತುದಿಯಲ್ಲಿ ಹಳದಿ ಎಳೆಗಳು ಕುಂಚದ ಹಾಗೆ ಬಿಚ್ಚಿಕೊಂಡು ನಿಂತಿದ್ದವು. ಅಷ್ಟು ವರ್ಷವಾದರೂ ತುಕ್ಕಿನ ಒಂದು ಕಲೆ ಇಲ್ಲ. ಸಂಶೋಧನಾ ಕೇಂದ್ರ ಕೈತಪ್ಪಿದ್ದು ಅವರಿಗೆ ಎಷ್ಟು ಭಾರವಾಗಿತ್ತೆಂದು ನನಗೆ ಆಗ ತಿಳಿಯಿತು. ಇಷ್ಟೆಲ್ಲ ಹೊತ್ತುಕೊಂಡು ಒಂದೇ ಥರ ಬಾಗಿದರು, ಒಂದೇ ಥರ ನಕ್ಕರು. ಊರಿಗೆಲ್ಲ ಹೇಳುವ ತೊಲೆ ಕಟ್ಟಿಕೊಟ್ಟು ತಾವು ಮಾತ್ರ ಗಾಜಿನ ಕಡೆಯವರಾದರು. ಸಿಟ್ಟು ಬರದೆ ಏನು ಮಾಡುತ್ತದೆ? ನಾನು ಆ ತುಂಡಿನ ಮೇಲೆ ಕೂತು ಮನಸಾರೆ ಅತ್ತೆ. ಎದ್ದಾಗ ಕೈ ಪರಪರ ತುರಿಸುತ್ತಿತ್ತು.

ಹೊರಡುವ ಹೊತ್ತಾಯಿತು. ಸತ್ತವರ ಮನೆಯಿಂದ ಹೇಳದೆ ಬರಬೇಕು, ಅದು ಪದ್ಧತಿ. ಅವ್ವ ಈಗ ಇಲ್ಲ, ಇದ್ದಿದ್ದರೂ ನಾನು ಕೇಳುತ್ತಿರಲಿಲ್ಲ. ಹೊಸ್ತಿಲಲ್ಲಿ ನಿಂತೆ, ಹಿತ್ತಲಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದೆ:

"ಬರ್ತೇನ್ರಿ, ಸಾಹೇಬ್ರ."

ಅವರ ಹೆಂಡತಿ ಬಾಗಿಲು ಹಿಡಿದುಕೊಂಡು ನಿಂತಿದ್ದರು. ಬೈಲಹೊಂಗಲ ಬಿಟ್ಟು ಎಷ್ಟೋ ಕಾಲವಾಗಿತ್ತು, ಆದರೂ ಅವರ ಬಾಯಲ್ಲಿ ನಮ್ಮ ಮಾತೇ ಬಂತು.

"ಹ್ಞೂಂ, ಬರ್ರಿ."